ಜನ ಆರಿಸಿದ ಮೇಲೆ ‘ಇವರು ಬೇಡ’ ಅನ್ನಬಹುದೇ?

2016ರ ಜುಲೈ 18, ಸೋಮವಾರ. ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರ. ಬಾಸ್ಕೆಟ್‌ಬಾಲ್ ಆಡುವ ದೊಡ್ಡ ಒಳಾಂಗಣದಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಾವೇಶದ ಮೊದಲ ದಿನ. ಅರ್ಕನ್ಸಾ ರಾಜ್ಯದ ಸಂಸದ ಸ್ಟೀವ್ ವೊಮ್ಯಾಕ್ ವೇದಿಕೆಯಲ್ಲಿ ನಿಂತು ಸಮಾವೇಶದ ನಿಯಮಗಳಿಗೆ ಸಭೆಯ ಒಪ್ಪಿಗೆ ಕೇಳಿದರು. ಹೌದು ಅನ್ನುವವರು ಕೂಗಿದರು. ಬೇಡ ಅನ್ನುವವರೂ ಕೂಗಿದರು, ಅದೂ ಜೋರಾಗಿಯೇ. ಹೌದು ಎಂದವರೇ ಗೆದ್ದರು ಎಂದು ಘೋಷಿಸಿ ವೊಮ್ಯಾಕ್ ವೇದಿಕೆಯಿಂದ ಹೊರಟೇ ಹೋದರು.

ಅಲ್ಲಿಂದ ಮುಂದಿನ ಕೆಲವು ನಿಮಿಷಗಳ ವಿಡಿಯೋವನ್ನು ನಾನು ಹಲವು ಸಲ ನೋಡಿದ್ದೇನೆ. ವೇದಿಕೆ ಖಾಲಿ. ಕೆಳಗೆ ಕುರ್ಚಿಗಳ ನಡುವೆ ಜನ ಎದ್ದು ನಿಂತು ‘ರೋಲ್ ಕಾಲ್! ರೋಲ್ ಕಾಲ್!’ ಎಂದು ಕೂಗುತ್ತಿದ್ದಾರೆ. ಧ್ವನಿಮತ ಸಾಲದು, ಒಂದೊಂದೇ ರಾಜ್ಯದ ಹೆಸರು ಕರೆದು ಮತ ಎಣಿಸಿ ಎಂಬುದು ಅವರ ಒತ್ತಾಯ. ಅವರ ದನಿ ಅಡಗಿಸಲು ಅಕ್ಕಪಕ್ಕದವರು ಬೇರೆ ಘೋಷಣೆ ಕೂಗುತ್ತಿದ್ದಾರೆ. ವರ್ಜೀನಿಯಾದ ಮಾಜಿ ಅಟಾರ್ನಿ ಜನರಲ್ ಕೆನ್ ಕುಚಿನೆಲ್ಲಿ ತಮ್ಮ ಗುರುತಿನ ಬಿಲ್ಲೆಯನ್ನು ನೆಲಕ್ಕೆ ಎಸೆದರು. ಕೊಲೊರಾಡೊದ ಪ್ರತಿನಿಧಿಗಳು ಎದ್ದು ಹೊರನಡೆದರು.

ಸ್ವಲ್ಪ ಹೊತ್ತಿಗೆ ವೊಮ್ಯಾಕ್ ಮರಳಿ ಬಂದು ಲೆಕ್ಕ ಹೇಳಿದರು. ರೋಲ್ ಕಾಲ್ ಬೇಕೆಂದು 9 ರಾಜ್ಯಗಳಿಂದ ಅರ್ಜಿ ಬಂದಿತ್ತು. ಆಮೇಲೆ 3 ರಾಜ್ಯಗಳಲ್ಲಿ ಸಹಿ ಹಾಕಿದ್ದವರು ಹಿಂದೆ ಸರಿದರು. ಉಳಿದದ್ದು 6, ಬೇಕಿದ್ದದ್ದು 7. ಅಲ್ಲಿಗೆ ಮುಗಿಯಿತು.

ಇಷ್ಟೆಲ್ಲಾ ಗಲಾಟೆ ನಿಯಮ ಪುಸ್ತಕದ ಮೇಲೆ ನಡೆದದ್ದಲ್ಲ. ಅದು ಡೊನಾಲ್ಡ್ ಟ್ರಂಪ್ ಮೇಲೆ ನಡೆದದ್ದು. ಪ್ರೈಮರಿ ಚುನಾವಣೆಗಳಲ್ಲಿ ಸುಮಾರು 1.4 ಕೋಟಿ ಜನ ಟ್ರಂಪ್‌ಗೆ ಮತ ಹಾಕಿದ್ದರು. ಎದುರಾಳಿಗಳೆಲ್ಲ ಎರಡು ತಿಂಗಳ ಹಿಂದೆಯೇ ಕಣ ಬಿಟ್ಟಿದ್ದರು. ಆದರೂ ಪಕ್ಷದ ಒಳಗಿನ ಒಂದು ಗುಂಪು ಕೊನೆಯ ಗಳಿಗೆಯಲ್ಲಿ ಆ ಫಲಿತಾಂಶವನ್ನು ತಿರುಗಿಸಲು ನೋಡಿತು.

ನಮ್ಮ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಅಭ್ಯರ್ಥಿ ಯಾರು ಅನ್ನುವುದು ಹೈಕಮಾಂಡ್ ವಿಷಯ. ಬಿ ಫಾರಂ ಯಾರ ಕೈ ಸೇರುತ್ತದೋ ಅವರೇ ಅಭ್ಯರ್ಥಿ. ಆ ಹಂತದಲ್ಲಿ ಮತದಾರನನ್ನು ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಚುನಾವಣೆಯ ವರ್ಷದ ಆರಂಭದಿಂದ ಜೂನ್‌ವರೆಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ದಿನ, ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಎಂದು ಸಾಮಾನ್ಯ ಜನರೇ ಮತ ಹಾಕುತ್ತಾರೆ. ಇದೇ ಪ್ರೈಮರಿ. ಆ ಮತಗಳ ಆಧಾರದ ಮೇಲೆ ಪ್ರತಿ ರಾಜ್ಯಕ್ಕೂ ಡೆಲಿಗೇಟ್‌ಗಳು, ಅಂದರೆ ಪ್ರತಿನಿಧಿಗಳು, ಹಂಚಿಕೆ ಆಗುತ್ತಾರೆ. ಅವರು ಬೇಸಿಗೆಯ ಸಮಾವೇಶಕ್ಕೆ ಹೋಗಿ ಅಭ್ಯರ್ಥಿಯ ಹೆಸರನ್ನು ಅಧಿಕೃತಗೊಳಿಸುತ್ತಾರೆ. 2016ರಲ್ಲಿ ರಿಪಬ್ಲಿಕನ್ನರ ಒಟ್ಟು ಪ್ರತಿನಿಧಿಗಳು 2,472. ಗೆಲ್ಲಲು 1,237 ಬೇಕಿತ್ತು.

ತೊಡಕು ಇರುವುದೇ ಇಲ್ಲಿ. ಜನ ಹಾಕಿದ ಮತ ಮತ್ತು ಅಭ್ಯರ್ಥಿಯ ನಡುವೆ ಒಬ್ಬ ಮನುಷ್ಯ ನಿಂತಿದ್ದಾನೆ. ಆ ಪ್ರತಿನಿಧಿ ಸಾಮಾನ್ಯವಾಗಿ ಪಕ್ಷದ ಕಾರ್ಯಕರ್ತ. ಎಷ್ಟೋ ಕಡೆ ಅವನನ್ನು ಆರಿಸುವವರೂ ಪಕ್ಷದವರೇ. ಟ್ರಂಪ್‌ಗೆ ಮತ ಹಾಕಲೇಬೇಕಾಗಿದ್ದ ಅನೇಕ ಪ್ರತಿನಿಧಿಗಳಿಗೆ ಟ್ರಂಪ್ ಅಂದರೆ ಸುತಾರಾಂ ಇಷ್ಟವಿರಲಿಲ್ಲ. ಅವರು ಜನರ ತೀರ್ಪನ್ನು ತಲುಪಿಸುವ ಅಂಚೆಯವರೋ, ತಮ್ಮ ಬುದ್ಧಿಯಿಂದ ತೀರ್ಮಾನ ಮಾಡುವ ಪಂಚರೋ? ಅಮೆರಿಕದ ಪಕ್ಷಗಳು ನೂರು ವರ್ಷದಿಂದ ಈ ಪ್ರಶ್ನೆಯ ಮೇಲೆ ಜಗಳ ಆಡುತ್ತಿವೆ.

ಬಂಡಾಯ ಎದ್ದವರ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. ಅವರನ್ನು ಸುಮ್ನೆ ಕುರ್ಚಿ ಹಿಡಿದು ಕೂತ ಹಳಬರು ಎಂದು ತಳ್ಳಿಹಾಕುವುದು ಸರಿಯಲ್ಲ. ಅವರ ಮೊದಲ ಮಾತು, ಟ್ರಂಪ್‌ಗೆ ಬಿದ್ದ ಮತ ಒಟ್ಟು ಪ್ರೈಮರಿ ಮತಗಳಲ್ಲಿ ಶೇ 45ರಷ್ಟು. ಅರ್ಧಕ್ಕಿಂತ ಜಾಸ್ತಿ ರಿಪಬ್ಲಿಕನ್ ಮತದಾರರು ಬೇರೆಯವರನ್ನು ಬಯಸಿದ್ದರು. ಆರಂಭದಲ್ಲಿ ಕಣದಲ್ಲಿದ್ದವರು 17 ಜನ. ಮತ ಹರಿದು ಹಂಚಿಹೋಯಿತು. ದಕ್ಷಿಣ ಕೆರೊಲಿನಾವನ್ನೇ ನೋಡಿ. ಫೆಬ್ರವರಿ 20ರಂದು ಅಲ್ಲಿ ಟ್ರಂಪ್‌ಗೆ ಬಂದದ್ದು ಶೇ 32.5 ಮತ. ಸಿಕ್ಕಿದ್ದು ಆ ರಾಜ್ಯದ ಎಲ್ಲ 50 ಪ್ರತಿನಿಧಿಗಳು. ಮೂರನೇ ಒಂದು ಭಾಗ ಮತಕ್ಕೆ ಪೂರ್ತಿ ಫಸಲು. ಇದನ್ನು ‘ಜನರ ತೀರ್ಪು’ ಎಂದು ಎಷ್ಟರ ಮಟ್ಟಿಗೆ ಕರೆಯಬಹುದು ಎಂಬ ಪ್ರಶ್ನೆಯಲ್ಲಿ ಹುರುಳಿದೆ.

ಎರಡನೆಯದು, ಪಕ್ಷ ಒಂದು ಖಾಸಗಿ ಸಂಸ್ಥೆ. ಅದರ ಅಭ್ಯರ್ಥಿಯನ್ನು ಅದೇ ಆರಿಸಬೇಕು. ಅನೇಕ ರಾಜ್ಯಗಳಲ್ಲಿ ಪಕ್ಷದಲ್ಲಿ ಹೆಸರು ನೋಂದಾಯಿಸದವರೂ ಪ್ರೈಮರಿಯಲ್ಲಿ ಮತ ಹಾಕಬಹುದು. ಈ ವಾದಕ್ಕೆ ಕಾನೂನಿನ ಬಲವೂ ಇತ್ತು. ಸಮಾವೇಶಕ್ಕೆ ಒಂದು ವಾರ ಮೊದಲು, ಜುಲೈ 11ರಂದು, ವರ್ಜೀನಿಯಾದ ಒಬ್ಬ ಪ್ರತಿನಿಧಿ ಹೂಡಿದ್ದ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಧೀಶರು ಅವರ ಪರವಾಗಿ ತೀರ್ಪು ಕೊಟ್ಟರು. ಪ್ರತಿನಿಧಿ ಇಂಥವರಿಗೇ ಮತ ಹಾಕಬೇಕೆಂದು ರಾಜ್ಯದ ಕಾನೂನು ಕಟ್ಟಿಹಾಕುವಂತಿಲ್ಲ ಎಂದರು. ಆದರೆ ಪಕ್ಷದ ಸ್ವಂತ ನಿಯಮ ಬೇರೆ, ಅದು ಹಾಗೇ ಉಳಿಯಿತು. ಅದಕ್ಕೇ ಬಂಡಾಯಗಾರರು ಆ ನಿಯಮದ ಹಿಂದೆ ಬಿದ್ದರು. ಪ್ರತಿನಿಧಿಗಳು ಮನಸ್ಸಾಕ್ಷಿಗೆ ತಕ್ಕಂತೆ ಮತ ಹಾಕಬಹುದು ಎಂಬ ಒಂದು ಸಾಲು ಸೇರಿಸಿ ಎಂದು ಕೊಲೊರಾಡೊದ ಒಬ್ಬ ಶಿಕ್ಷಕಿ ನಿಯಮ ಸಮಿತಿಯ ಮುಂದೆ ಪ್ರಸ್ತಾಪ ಇಟ್ಟರು. ಸಮಿತಿಯಲ್ಲಿ 112 ಜನ. ಅವರಲ್ಲಿ 28 ಜನ ಕೈಜೋಡಿಸಿದ್ದರೆ ಪ್ರಸ್ತಾಪ ಇಡೀ ಸಮಾವೇಶದ ಮುಂದೆ ಬರುತ್ತಿತ್ತು. ಅಷ್ಟೂ ಜನ ಸಿಗಲಿಲ್ಲ. ಸೋಮವಾರದ ಕೂಗಾಟ ಆ ಸೋಲಿನ ನಂತರದ ಕೊನೆಯ ಪ್ರಯತ್ನ.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಈ ವ್ಯಕ್ತಿ ಆ ಹುದ್ದೆಗೆ ಯೋಗ್ಯನಲ್ಲ ಎಂದು ನನಗೆ ಖಚಿತವಾಗಿ ಅನ್ನಿಸಿದರೆ, ಗೊತ್ತಿದ್ದೂ ನಾನು ಸುಮ್ಮನಿರಬೇಕೇ?

ಇರಬಾರದು. ಇದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ‘ನಾನು ಇವರನ್ನು ಒಪ್ಪುವುದಿಲ್ಲ’ ಅನ್ನುವುದು ಒಂದು. ‘ನೀನು ಹಾಕಿದ ಮತವನ್ನು ನಾನು ಎಣಿಸುವುದಿಲ್ಲ’ ಅನ್ನುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಬಂಡಾಯವೇ. ಮೊದಲನೆಯದರಲ್ಲಿ ನಾಯಕ ತನ್ನ ಹೆಸರು, ತನ್ನ ಕುರ್ಚಿ, ತನ್ನ ಮತವನ್ನು ಪಣಕ್ಕಿಡುತ್ತಾನೆ. ಎರಡನೆಯದರಲ್ಲಿ ಬೇರೆಯವರ ಮತವನ್ನು ಪಣಕ್ಕಿಡುತ್ತಾನೆ.

2016ರಲ್ಲಿ ಮೊದಲ ದಾರಿ ಹಿಡಿದವರೂ ಇದ್ದರು. ಪ್ರೈಮರಿಯಲ್ಲಿ ಟ್ರಂಪ್ ಎದುರು ನಿಂತಿದ್ದ ಒಹಾಯೋ ಗವರ್ನರ್ ಜಾನ್ ಕೇಸಿಕ್ ಅವರದೇ ರಾಜ್ಯದಲ್ಲಿ, ಅವರದೇ ಪಕ್ಷದ ಸಮಾವೇಶ. ಅವರು ಆ ಒಳಾಂಗಣಕ್ಕೆ ಕಾಲಿಡಲಿಲ್ಲ. ನವೆಂಬರ್‌ನಲ್ಲಿ ಮತಪತ್ರದ ಮೇಲೆ ಜಾನ್ ಮೆಕೇನ್ ಹೆಸರು ಬರೆದರು. ಇಬ್ಬರು ಮಾಜಿ ಅಧ್ಯಕ್ಷ ಬುಷ್‌ಗಳೂ ಬೆಂಬಲ ಘೋಷಿಸಲಿಲ್ಲ. ರಿಪಬ್ಲಿಕನ್ ಸರ್ಕಾರಗಳಲ್ಲಿ ಕೆಲಸ ಮಾಡಿದ್ದ 50 ಭದ್ರತಾ ಅಧಿಕಾರಿಗಳು ಆಗಸ್ಟ್‌ನಲ್ಲಿ ಬಹಿರಂಗ ಪತ್ರ ಬರೆದು ತಾವು ಟ್ರಂಪ್‌ಗೆ ಮತ ಹಾಕುವುದಿಲ್ಲ ಎಂದರು. ಇವರಲ್ಲಿ ಯಾರೂ ಒಬ್ಬ ಸಾಮಾನ್ಯ ಮತದಾರನ ಕೈಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ.

ನಡುವೆ ತೂಗಾಡಿದವರೂ ಇದ್ದರು. ಸದನದ ಸ್ಪೀಕರ್ ಪಾಲ್ ರಯಾನ್ ಮೇ 5ರಂದು ಬೆಂಬಲಿಸಲು ತಾನಿನ್ನೂ ಸಿದ್ಧನಿಲ್ಲ ಎಂದರು. ಜೂನ್ 2ರಂದು ಬೆಂಬಲಿಸಿದರು. ಅಕ್ಟೋಬರ್‌ನಲ್ಲಿ ಮಹಿಳೆಯರ ಬಗ್ಗೆ ಟ್ರಂಪ್ ಆಡಿದ್ದ ಮಾತಿನ ಹಳೆಯ ವಿಡಿಯೋ ಹೊರಬಂದಾಗ, ಇನ್ನು ಮುಂದೆ ಸಮರ್ಥಿಸಿಕೊಳ್ಳುವುದಿಲ್ಲ ಎಂದರು. ಬೆಂಬಲ ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪ್ರೈಮರಿಯಲ್ಲಿ ಟ್ರಂಪ್‌ಗೆ ಎದುರಾಳಿಯಾಗಿದ್ದ ಸೆನೆಟರ್ ಟೆಡ್ ಕ್ರೂಜ್ ಸಮಾವೇಶದ ವೇದಿಕೆಯಲ್ಲೇ ನಿಂತು ಮನಸ್ಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂದರು. ಸಭೆ ಕೂಗಿ ಅವರನ್ನು ಕೆಳಗಿಳಿಸಿತು. ಸೆಪ್ಟೆಂಬರ್‌ನಲ್ಲಿ ಅವರೂ ಟ್ರಂಪ್ ಜೊತೆ ನಿಂತರು.

ನನಗೆ ಹೆಚ್ಚು ಕಾಡುವ ಪ್ರಶ್ನೆ ಬೇರೆ. ಇಷ್ಟೊಂದು ಭಯ ಇದ್ದವರು ಮೊದಲೇ ಯಾಕೆ ಬಾಯಿ ಬಿಡಲಿಲ್ಲ? ಟ್ರಂಪ್ ಕಣಕ್ಕಿಳಿದದ್ದು 2015ರ ಜೂನ್‌ನಲ್ಲಿ. ಇನ್ನೊಬ್ಬ ಸ್ಪರ್ಧಿ ಜೆಬ್ ಬುಷ್ ಪರವಾಗಿ ಕೆಲಸ ಮಾಡುತ್ತಿದ್ದ ಗುಂಪು ಆ ವರ್ಷದ ಮೊದಲ ಆರು ತಿಂಗಳಲ್ಲೇ 10 ಕೋಟಿ ಡಾಲರ್‌ಗಿಂತ ಜಾಸ್ತಿ ಹಣ ಕೂಡಿಸಿತ್ತು. ಟ್ರಂಪ್ ಮೇಲೆ ಅದು ಖರ್ಚು ಮಾಡಿದ್ದು ಕಡಿಮೆ. ಅದಕ್ಕಿಂತ ಎಷ್ಟೋ ಹೆಚ್ಚು ಹಣ ಮತ್ತೊಬ್ಬ ಸ್ಪರ್ಧಿ ಮಾರ್ಕೊ ರುಬಿಯೊ ವಿರುದ್ಧದ ಜಾಹೀರಾತಿಗೆ ಹೋಯಿತು. ಟ್ರಂಪ್ ತಾನಾಗಿಯೇ ಉರುಳಿಬೀಳುತ್ತಾರೆ, ಆಮೇಲೆ ಅವರ ಮತ ನಮಗೇ ಬರುತ್ತದೆ ಎಂದು ಒಬ್ಬೊಬ್ಬರೂ ಕಾದು ಕೂತಂತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಪಕ್ಷವೇ ಎಲ್ಲ ಸ್ಪರ್ಧಿಗಳಿಂದ ಬರೆಸಿಕೊಂಡಿತು: ಯಾರು ಗೆದ್ದರೂ ಅವರನ್ನು ಬೆಂಬಲಿಸುತ್ತೇವೆ ಎಂದು. ಪಕ್ಷಕ್ಕಿದ್ದ ಭಯ, ಟ್ರಂಪ್ ಸೋತು ಬೇರೆಯಾಗಿ ನಿಂತುಬಿಟ್ಟರೆ ಎಂಬುದು. ಅವರೇ ಗೆಲ್ಲಬಹುದು ಎಂದು ಯಾರೂ ಎಣಿಸಿರಲಿಲ್ಲ. 2012ರ ಅಭ್ಯರ್ಥಿ ಮಿಟ್ ರಾಮ್ನಿ ಯೂಟಾದಲ್ಲಿ ನಿಂತು ಟ್ರಂಪ್ ಒಬ್ಬ ವಂಚಕ ಎಂದು ನೇರವಾಗಿ ಹೇಳಿದ್ದು 2016ರ ಮಾರ್ಚ್ 3ರಂದು. ಅಷ್ಟರಲ್ಲಿ 15 ರಾಜ್ಯಗಳು ಮತ ಹಾಕಿ ಮುಗಿಸಿದ್ದವು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಹಾಗಾಯಿತು.

ಆದರೂ ರಾಮ್ನಿ ಮಾಡಿದ್ದು ಸರಿಯಾದ ಕೆಲಸ, ತಡವಾಗಿ ಮಾಡಿದರು ಅಷ್ಟೇ. ಅವರು ಮತದಾರರ ಜೊತೆ ಮಾತಾಡಿದರು. ಫ್ಲಾರಿಡಾದಲ್ಲಿ ರುಬಿಯೊಗೆ ಹಾಕಿ, ಒಹಾಯೋದಲ್ಲಿ ಕೇಸಿಕ್‌ಗೆ ಹಾಕಿ ಎಂದು ಕೇಳಿಕೊಂಡರು. ಒಹಾಯೋ ಕೇಳಿತು. ಫ್ಲಾರಿಡಾ ಕೇಳಲಿಲ್ಲ. ಮತದಾರರಿಗೆ ಹೇಳುವುದು, ಅವರು ಕೇಳದಿದ್ದರೆ ಒಪ್ಪಿಕೊಳ್ಳುವುದು. ಜುಲೈನಲ್ಲಿ ನಿಯಮ ಸಮಿತಿಯ ಕೋಣೆಯಲ್ಲಿ ಕೂತವರು ಮತದಾರರ ಜೊತೆ ಮಾತಾಡುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು 28 ಸಹಿ.

ಇದು 2016ರಲ್ಲಿ ಹುಟ್ಟಿದ ಜಗಳವಲ್ಲ. 1912ರಲ್ಲಿ ಮೊದಲ ಸಲ ಒಂದಷ್ಟು ರಾಜ್ಯಗಳಲ್ಲಿ ಪ್ರೈಮರಿ ನಡೆದವು. ಥಿಯೋಡರ್ ರೂಸ್‌ವೆಲ್ಟ್ ಅವುಗಳಲ್ಲಿ 9ನ್ನು ಗೆದ್ದರು. ಹಾಲಿ ಅಧ್ಯಕ್ಷ ವಿಲಿಯಂ ಟ್ಯಾಫ್ಟ್ ಅವರನ್ನು ಅವರ ಸ್ವಂತ ಒಹಾಯೋದಲ್ಲೇ ಸೋಲಿಸಿದರು. ಆದರೆ ಶಿಕಾಗೋ ಸಮಾವೇಶದಲ್ಲಿ ತಕರಾರು ಎದ್ದ 254 ಸ್ಥಾನಗಳ ಪೈಕಿ ಪಕ್ಷದ ಸಮಿತಿ 235ನ್ನು ಟ್ಯಾಫ್ಟ್‌ಗೆ ಕೊಟ್ಟಿತು. ರೂಸ್‌ವೆಲ್ಟ್ ಹೊರನಡೆದು ಬೇರೆ ಪಕ್ಷ ಕಟ್ಟಿದರು. ನವೆಂಬರ್‌ನಲ್ಲಿ ಹಾಲಿ ಅಧ್ಯಕ್ಷರಿಗೆ ಸಿಕ್ಕಿದ್ದು ಎರಡು ರಾಜ್ಯ, ಅಂದರೆ ಅಧ್ಯಕ್ಷರನ್ನು ತೀರ್ಮಾನಿಸುವ ರಾಜ್ಯವಾರು ಮತಗಳಾದ ಎಲೆಕ್ಟೋರಲ್ ಮತಗಳಲ್ಲಿ 8. ಡೆಮಾಕ್ರಟಿಕ್ ಪಕ್ಷದ ವುಡ್ರೋ ವಿಲ್ಸನ್ ನಿರಾಯಾಸವಾಗಿ ಗೆದ್ದರು.

1952ರಲ್ಲಿ ಡೆಮಾಕ್ರಟರ ಸರದಿ. ಸೆನೆಟರ್ ಎಸ್ಟೆಸ್ ಕೆಫಾವರ್ 15 ಪ್ರೈಮರಿಗಳಲ್ಲಿ 12 ಗೆದ್ದರು. ಅವರು ನಡೆಸಿದ ಅಪರಾಧ ಕೂಟಗಳ ವಿಚಾರಣೆ ಟಿವಿಯಲ್ಲಿ ಬಂದು ಜನಪ್ರಿಯವಾಗಿತ್ತು. ಅದೇ ವಿಚಾರಣೆ ಅವರ ಪಕ್ಷದ ನಗರ ಮುಖಂಡರಿಗೆ ಮುಜುಗರ ತಂದಿತ್ತು. ಸಮಾವೇಶ ಮೂರನೇ ಸುತ್ತಿನಲ್ಲಿ ಅಡ್ಲಾಯ್ ಸ್ಟೀವನ್ಸನ್ ಅವರನ್ನು ಆರಿಸಿತು. 1968ರಲ್ಲಂತೂ ಆಗಿನ ಉಪಾಧ್ಯಕ್ಷ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಯಲ್ಲಿ ಸ್ಪರ್ಧಿಸದೆ ಅಭ್ಯರ್ಥಿಯಾದರು. ಹೊರಗೆ ಶಿಕಾಗೋ ಬೀದಿಗಳಲ್ಲಿ ಪೊಲೀಸರು ಯುವಕರನ್ನು ಹೊಡೆಯುತ್ತಿದ್ದರು. ಆ ಅವಮಾನದಿಂದ ಹುಟ್ಟಿದ್ದೇ ಇವತ್ತಿನ ಪದ್ಧತಿ. ಸೆನೆಟರ್ ಜಾರ್ಜ್ ಮೆಕ್‌ಗವರ್ನ್ ನೇತೃತ್ವದಲ್ಲಿ ಒಂದು ಸಮಿತಿ ಕೂತು, ಇನ್ನು ಮೇಲೆ ಪ್ರತಿನಿಧಿಗಳನ್ನು ಸಾಮಾನ್ಯ ಸದಸ್ಯರ ಮುಂದೆ ತೆರೆದ ರೀತಿಯಲ್ಲಿ ಆರಿಸಬೇಕು ಎಂದು ಕಟ್ಟುಪಾಡು ಮಾಡಿತು.

ನಾಲ್ಕು ವರ್ಷಗಳ ನಂತರ, 1972ರಲ್ಲಿ, ಆ ಹೊಸ ಪದ್ಧತಿಯಲ್ಲಿ ಗೆದ್ದು ಬಂದವರು ಅದೇ ಮೆಕ್‌ಗವರ್ನ್. ವಿಯೆಟ್ನಾಂ ಯುದ್ಧದ ಕಡು ವಿರೋಧಿ. ಪಕ್ಷದ ಹಳೆಯ ಮುಖಂಡರು ಕಾರ್ಮಿಕ ನಾಯಕರ ಜೊತೆ ಸೇರಿ ‘ಮೆಕ್‌ಗವರ್ನ್ ಬಿಟ್ಟು ಬೇರೆ ಯಾರಾದರೂ ಸರಿ’ ಎಂಬ ಕೂಟ ಕಟ್ಟಿದರು. ಅವರು ಏನು ಮಾಡಿದರು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಜೂನ್ 6ರಂದು ಕ್ಯಾಲಿಫೋರ್ನಿಯಾ ಪ್ರೈಮರಿ. ಗೆದ್ದವರಿಗೆ ಅಲ್ಲಿನ ಎಲ್ಲ 271 ಪ್ರತಿನಿಧಿಗಳು. ಈ ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು. ಮೆಕ್‌ಗವರ್ನ್ ಹಂಫ್ರಿಗಿಂತ ಸುಮಾರು ಶೇ 5ರಷ್ಟು ಹೆಚ್ಚು ಮತ ಪಡೆದು ಗೆದ್ದರು. ಆ ತಿಂಗಳ ಕೊನೆಗೆ ಪಕ್ಷದ ಒಂದು ಸಮಿತಿ, ಪೂರ್ತಿ ಗೆದ್ದವರಿಗೇ ಹೋಗುವುದು ನ್ಯಾಯವಲ್ಲ, ಮತಕ್ಕೆ ತಕ್ಕಂತೆ ಹಂಚಬೇಕು ಎಂದು ತೀರ್ಮಾನಿಸಿ 151 ಪ್ರತಿನಿಧಿಗಳನ್ನು ಕಿತ್ತುಕೊಂಡಿತು. ಮತಕ್ಕೆ ತಕ್ಕ ಪಾಲು ಅನ್ನುವ ಮಾತು ತಾನಾಗಿ ಒಳ್ಳೆಯದೇ. ಮೆಕ್‌ಗವರ್ನ್ ಸಮಿತಿಗೂ ಅದೇ ದಾರಿ ಇಷ್ಟವಿತ್ತು. ಆದರೆ ಅದನ್ನು ಹೇಳಬೇಕಾದದ್ದು ಜೂನ್ 6ಕ್ಕೆ ಮೊದಲು. ಮಯಾಮಿ ಬೀಚ್‌ನ ಸಮಾವೇಶದಲ್ಲಿ ಕ್ಯಾಲಿಫೋರ್ನಿಯಾ ತಂಡದ ಮುಂದಾಳು ವಿಲ್ಲಿ ಬ್ರೌನ್ ವೇದಿಕೆ ಹತ್ತಿ, ನಮ್ಮ ಪ್ರತಿನಿಧಿಗಳನ್ನು ನಮಗೆ ವಾಪಸ್ ಕೊಡಿ ಎಂದು ಕೂಗಿದರು. ಸಮಾವೇಶ ವಾಪಸ್ ಕೊಟ್ಟಿತು.

ಅಭ್ಯರ್ಥಿಯ ಪಟ್ಟ ಉಳಿಯಿತು, ಪಕ್ಷದ ಕೈ ಸಿಗಲಿಲ್ಲ. ಒಳಜಗಳದಲ್ಲಿ ಹೊತ್ತು ಹೋಗಿ ಹೋಗಿ ಮೆಕ್‌ಗವರ್ನ್ ಒಪ್ಪಿಗೆ ಭಾಷಣ ಮಾಡಿದ್ದು ನಸುಕಿನ ಮೂರು ಗಂಟೆ ಹತ್ತಿರ. ದೇಶದಲ್ಲಿ ಬಹುತೇಕ ಎಲ್ಲರೂ ಟಿವಿ ಆರಿಸಿ ಮಲಗಿದ್ದರು. ಜಾರ್ಜ್ ಮೀನಿ ನಾಯಕತ್ವದ ದೊಡ್ಡ ಕಾರ್ಮಿಕ ಒಕ್ಕೂಟ ಬೆಂಬಲಿಸಲಿಲ್ಲ. ಟೆಕ್ಸಾಸ್‌ನ ಡೆಮಾಕ್ರಟಿಕ್ ಮಾಜಿ ಗವರ್ನರ್ ಜಾನ್ ಕಾನಲಿ ‘ನಿಕ್ಸನ್ ಪರ ಡೆಮಾಕ್ರಟರು’ ಎಂಬ ಗುಂಪನ್ನೇ ಮುನ್ನಡೆಸಿದರು. ನಿಕ್ಸನ್ ಅಂದರೆ ಎದುರಾಳಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿ. ನವೆಂಬರ್‌ನಲ್ಲಿ ಮೆಕ್‌ಗವರ್ನ್ ಗೆದ್ದದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಮಾತ್ರ.

ಒಳಗಿನವರು ಇದರಿಂದ ಕಲಿತ ಪಾಠ, ಜನರಿಗೆ ಪೂರ್ತಿ ಬಿಟ್ಟುಕೊಟ್ಟರೆ ಹೀಗೇ ಆಗುತ್ತದೆ ಎಂಬುದು. 1980ರಲ್ಲಿ ಪ್ರೈಮರಿಯ ಎದುರಾಳಿ ಎಡ್ವರ್ಡ್ ಕೆನಡಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಪ್ರತಿನಿಧಿಗಳನ್ನು ಕಾರ್ಟರ್‌ಗೇ ಮತ ಹಾಕಬೇಕೆಂಬ ಕಟ್ಟಿನಿಂದ ಬಿಡಿಸಲು ನೋಡಿ ಸೋತರು. 1982ರಲ್ಲಿ ಪಕ್ಷದ ಇನ್ನೊಂದು ಸಮಿತಿ ‘ಸೂಪರ್ ಡೆಲಿಗೇಟ್’ ಎಂಬ ಹೊಸ ಸ್ಥಾನ ಸೃಷ್ಟಿಸಿತು. ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳು ಹುದ್ದೆಯ ಬಲದಿಂದಲೇ ಪ್ರತಿನಿಧಿಗಳು. ಜನರ ಮತ ಅವರನ್ನು ಕಟ್ಟಿಹಾಕುವುದಿಲ್ಲ. ಬೆಳಗಾವಿಯಲ್ಲಿ ಬೆಳೆದು ಈಗ ಡೆಟ್ರಾಯಿಟ್‌ನಿಂದ ಆರಿಸಿ ಬಂದಿರುವ ಡೆಮಾಕ್ರಟಿಕ್ ಸಂಸದ ಶ್ರೀ ಥಾಣೇದಾರ್ ಅವರಂಥವರೂ ಇದೇ ಸಾಲಿಗೆ ಸೇರುತ್ತಾರೆ.

ಇದರ ಭಾರ ಎಷ್ಟೆಂದು 2015ರ ನವೆಂಬರ್‌ನಲ್ಲಿ ಗೊತ್ತಾಯಿತು. ಇನ್ನೂ ಒಬ್ಬನೇ ಒಬ್ಬ ಮತದಾರ ಮತ ಹಾಕಿರಲಿಲ್ಲ. ಅಷ್ಟರಲ್ಲೇ ಒಂದು ಸುದ್ದಿ ಸಂಸ್ಥೆ ಕೇಳಿ ನೋಡಿದಾಗ 359 ಸೂಪರ್ ಡೆಲಿಗೇಟ್‌ಗಳು ಹಿಲರಿ ಕ್ಲಿಂಟನ್ ಪರ, 8 ಜನ ಬರ್ನಿ ಸ್ಯಾಂಡರ್ಸ್ ಪರ ಇದ್ದರು. ಪ್ರೈಮರಿ ಮತಗಳಲ್ಲೂ ಕ್ಲಿಂಟನ್ ಮುಂದಿದ್ದರು, ಅದು ನಿಜ. ಆದರೆ ಓಟ ಶುರುವಾಗುವ ಮೊದಲೇ ಒಬ್ಬರನ್ನು ಅರ್ಧ ದಾರಿಗೆ ತಂದು ನಿಲ್ಲಿಸಿದಂತೆ ಕಂಡಿದ್ದರಿಂದ ಸ್ಯಾಂಡರ್ಸ್ ಬೆಂಬಲಿಗರ ಮನಸ್ಸಿನಲ್ಲಿ ಆ ಗಾಯ ಉಳಿಯಿತು. 2018ರ ಆಗಸ್ಟ್‌ನಲ್ಲಿ ಪಕ್ಷ ನಿಯಮ ತಿದ್ದಿತು. ಮೊದಲ ಸುತ್ತಿನಲ್ಲಿ ಫಲಿತಾಂಶ ಮೊದಲೇ ಖಚಿತವಾಗಿದ್ದರೆ ಬಿಟ್ಟು, ಸೂಪರ್ ಡೆಲಿಗೇಟ್‌ಗಳು ಮತ ಹಾಕುವಂತಿಲ್ಲ.

ನನ್ನ ವಾದಕ್ಕೆ ನಿಜವಾದ ಪರೀಕ್ಷೆ 2024. ಅದನ್ನು ಬಿಟ್ಟು ಮುಂದೆ ಹೋದರೆ ಪ್ರಾಮಾಣಿಕತೆ ಆಗುವುದಿಲ್ಲ.

ಜೋ ಬೈಡನ್ ಪ್ರೈಮರಿಗಳಲ್ಲಿ 1.4 ಕೋಟಿಗಿಂತ ಹೆಚ್ಚು ಮತ, ಶೇ 87ರಷ್ಟು, ಪಡೆದಿದ್ದರು. ಜೂನ್ 27ರಂದು ಅಟ್ಲಾಂಟಾದ ಟಿವಿ ಚರ್ಚೆಯಲ್ಲಿ ಅವರು ಮಾತಿನ ನಡುವೆ ತಡವರಿಸಿದ್ದನ್ನು ಇಡೀ ದೇಶ ನೋಡಿತು. ಜುಲೈ 2ರಂದು ಟೆಕ್ಸಾಸ್‌ನ ಲಾಯ್ಡ್ ಡಾಗೆಟ್, ಹಿಂದೆ ಸರಿಯಿರಿ ಎಂದು ಬಹಿರಂಗವಾಗಿ ಕೇಳಿದ ಮೊದಲ ಡೆಮಾಕ್ರಟಿಕ್ ಸಂಸದರಾದರು. ಆಮೇಲೆ ದಿನಕ್ಕೊಬ್ಬರು, ಇಬ್ಬರು. ಜುಲೈ 8ರಂದು ಬೈಡನ್ ತಮ್ಮ ಪಕ್ಷದ ಸಂಸದರಿಗೆ ಪತ್ರ ಬರೆದರು. ಅಭ್ಯರ್ಥಿಯನ್ನು ಆರಿಸುವವರು ಮತದಾರರು, ಅವರು ಆರಿಸಿ ಆಗಿದೆ ಎಂಬುದು ಅದರ ತಿರುಳು. ಎಂಟು ವರ್ಷದ ಹಿಂದೆ ಟ್ರಂಪ್ ಕಡೆಯವರು ಹೇಳಿದ್ದೂ ಇದನ್ನೇ ಅಲ್ವಾ? ಆಗಲೂ ಅಂಕಿ 1.4 ಕೋಟಿಯ ಆಸುಪಾಸಿನದೇ. ಜುಲೈ 21ರಂದು ಬೈಡನ್ ಕಣ ಬಿಟ್ಟರು.

ಅವರ ಪ್ರತಿನಿಧಿಗಳನ್ನು ಯಾರೂ ನಿಯಮ ತಿರುಚಿ ಕಿತ್ತುಕೊಳ್ಳಲಿಲ್ಲ. ಒತ್ತಡ ಎಷ್ಟೇ ಇದ್ದರೂ ಸಹಿ ಅವರದೇ. ಹಾಗಾಗಿ ಇದು 1972ರ ಕ್ಯಾಲಿಫೋರ್ನಿಯಾ ಅಲ್ಲ. ಮೇಲಾಗಿ, ಮತ ಹಾಕುವಾಗ ಕಾಣದಿದ್ದ ಒಂದು ಸಂಗತಿ ಆಮೇಲೆ ಕಣ್ಣಿಗೆ ಬಿದ್ದಿತ್ತು. ಆದ್ದರಿಂದ ಡಾಗೆಟ್ ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ.

ತಪ್ಪು ಅದಕ್ಕಿಂತ ಹಿಂದೆ ಆಗಿತ್ತು. ಮತದಾರರಿಗೆ ಆ ಸಂಗತಿ ಯಾಕೆ ಕಾಣಲಿಲ್ಲ? 2023ರ ಅಕ್ಟೋಬರ್‌ನಲ್ಲಿ ಮಿನೆಸೋಟಾದ ಸಂಸದ ಡೀನ್ ಫಿಲಿಪ್ಸ್ ಬೈಡನ್ ವಿರುದ್ಧ ನಿಂತಾಗ ಪಕ್ಷದ ದೊಡ್ಡವರು ಯಾರೂ ಅವರ ಹತ್ತಿರ ಸುಳಿಯಲಿಲ್ಲ. ಫ್ಲಾರಿಡಾದಲ್ಲಿ ರಾಜ್ಯ ಪಕ್ಷ ಬೈಡನ್ ಹೆಸರೊಂದನ್ನೇ ಕಳಿಸಿತು. ಸ್ಪರ್ಧಿ ಒಬ್ಬರೇ ಆದ್ದರಿಂದ ಅಲ್ಲಿ ಡೆಮಾಕ್ರಟಿಕ್ ಪ್ರೈಮರಿಯೇ ನಡೆಯಲಿಲ್ಲ. ಬೈಡನ್ ಪ್ರೈಮರಿ ಸಮಯದಲ್ಲಿ ಯಾರ ಜೊತೆಗೂ ಚರ್ಚೆಗೆ ನಿಲ್ಲಲಿಲ್ಲ. ಜೂನ್ 27ರ ಆ ಒಂದೂವರೆ ಗಂಟೆ ಜನವರಿಯಲ್ಲೇ ನಡೆದಿದ್ದರೆ ತೀರ್ಮಾನ ಮತದಾರರ ಕೈಯಲ್ಲಿರುತ್ತಿತ್ತು. ಬಾಗಿಲು ಮುಚ್ಚಿದವರೂ ಒಳಗಿನವರೇ, ಜುಲೈನಲ್ಲಿ ಗಾಬರಿಯಾಗಿ ತೆರೆದವರೂ ಒಳಗಿನವರೇ. ಹೀಗಾಗಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿ ಒಂದೇ ಒಂದು ಪ್ರೈಮರಿ ಮತ ಕೇಳುವ ಅವಕಾಶವಿಲ್ಲದೆ ಕಮಲಾ ಹ್ಯಾರಿಸ್ ಕಣಕ್ಕಿಳಿಯಬೇಕಾಯಿತು. ಅವರಿಗೆ ಸಿಕ್ಕಿದ್ದು 226 ಎಲೆಕ್ಟೋರಲ್ ಮತ. ಟ್ರಂಪ್‌ಗೆ 312.

2025ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆಯಲ್ಲಿ ಇದರದೇ ಚಿಕ್ಕ ರೂಪ ಕಂಡಿತು. ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಜೊಹ್ರಾನ್ ಮಮ್ದಾನಿ ಗೆದ್ದರು. ಸೋತ ಆಂಡ್ರ್ಯೂ ಕುವೊಮೊ ಸ್ವತಂತ್ರರಾಗಿ ನಿಂತರು. ಪಕ್ಷದ ರಾಜ್ಯಾಧ್ಯಕ್ಷರು ಮಮ್ದಾನಿಯನ್ನು ಬೆಂಬಲಿಸುವುದಿಲ್ಲ ಎಂದರು. ಸೆನೆಟ್‌ನಲ್ಲಿ ಡೆಮಾಕ್ರಟರ ನಾಯಕರಾಗಿದ್ದ ಚಕ್ ಶೂಮರ್ ಕೊನೆಯವರೆಗೂ ಬೆಂಬಲ ಘೋಷಿಸಲಿಲ್ಲ. ಆದರೆ ಮತಪತ್ರದಲ್ಲಿ ಪಕ್ಷದ ಹೆಸರಿನ ಮುಂದೆ ಇದ್ದದ್ದು ಮಮ್ದಾನಿ ಹೆಸರೇ. ಅದನ್ನು ಯಾರೂ ಅಳಿಸಲಿಲ್ಲ. ನವೆಂಬರ್‌ನಲ್ಲಿ ಎಲ್ಲರ ಮುಂದೆ ಲೆಕ್ಕ ಆಯಿತು, ಮಮ್ದಾನಿ ಗೆದ್ದರು. ಒಪ್ಪದವರು ಹೀಗೆ ಬಹಿರಂಗವಾಗಿ ಒಪ್ಪದೆ ಇರುವುದರಲ್ಲಿ ನನಗೆ ತಕರಾರಿಲ್ಲ.

ಮತ್ತೆ ಕ್ಲೀವ್‌ಲ್ಯಾಂಡ್‌ಗೆ ಬರುತ್ತೇನೆ. ಅಲ್ಲಿ ಗದ್ದಲ ಎಬ್ಬಿಸಿದವರ ಮೇಲೆ ಎತ್ತಿದ ಬೆರಳನ್ನು ಗೆದ್ದವರ ಮೇಲೂ ಎತ್ತಬೇಕು. 2012ರಲ್ಲಿ ರಾಮ್ನಿಗೆ ಎದುರಾಳಿಯಾಗಿದ್ದ ರಾನ್ ಪಾಲ್ ಹೆಸರು ಸಮಾವೇಶದಲ್ಲಿ ಕೇಳಿಬರದಿರಲಿ ಎಂದು ರಾಮ್ನಿ ಕಡೆಯವರು ಒಂದು ನಿಯಮ ತಂದಿದ್ದರು. ಕನಿಷ್ಠ 8 ರಾಜ್ಯಗಳಲ್ಲಿ ಪ್ರತಿನಿಧಿಗಳ ಬಹುಮತ ಇದ್ದವರ ಹೆಸರನ್ನು ಮಾತ್ರ ಸೂಚಿಸಬಹುದು ಎಂಬುದು ಅದು. ಒಳಗಿನವರು ಹೊರಗಿನವರೊಬ್ಬರನ್ನು ತಡೆಯಲು ಹಾಕಿದ ಆ ಬೇಲಿ ನಾಲ್ಕು ವರ್ಷದ ನಂತರ ಟ್ರಂಪ್‌ಗೆ ಕಾವಲಾಯಿತು. ಸೂಚಿತವಾದ ಹೆಸರು ಅವರದೊಂದೇ.

ಜುಲೈ 19ರ ಸಂಜೆ ಹೆಸರು ಕರೆದು ಮತ ಎಣಿಸುವಾಗ ಅಲಾಸ್ಕಾದ ಸರದಿ ಬಂತು. ಕ್ರೂಜ್‌ಗೆ 12, ಟ್ರಂಪ್‌ಗೆ 11, ರುಬಿಯೊಗೆ 5 ಎಂದು ಅಲ್ಲಿನ ಮುಂದಾಳು ಓದಿದರು. ವೇದಿಕೆಯಿಂದ ಉತ್ತರ ಬಂತು: ಅಲಾಸ್ಕಾ, ಟ್ರಂಪ್‌ಗೆ 28. ರಾಜಧಾನಿ ವಾಷಿಂಗ್ಟನ್ನಿನ ತಂಡ ರುಬಿಯೊಗೆ 10, ಕೇಸಿಕ್‌ಗೆ 9 ಎಂದು ಹೇಳಿತು. ಮಾರ್ಚ್‌ನಲ್ಲಿ ಒಂದು ಶನಿವಾರ ಅಲ್ಲಿ ಸುಮಾರು 2,800 ಜನ ಮತ ಹಾಕಿ ಕಳಿಸಿದ್ದ ತೀರ್ಪು ಅದು. ಒಂದೇ ಹೆಸರು ಸೂಚಿತವಾಗಿದ್ದರೆ ಮತವೆಲ್ಲ ಅವರಿಗೇ ಹೋಗಬೇಕೆಂದು ಆ ನಗರದ ಪಕ್ಷದ ನಿಯಮದಲ್ಲಿತ್ತು. ವೇದಿಕೆಯಲ್ಲಿ ಬರೆದುಕೊಂಡದ್ದು: ಟ್ರಂಪ್, 19.